ಒಂದು ಸಂಖ್ಯೆಯ ಎರಡು ಜನ್ಮ: ಜರ್ಮನಿಯ ೭೧ನೆಯ ಪದಾತಿ ಡಿವಿಜನ್ನಿನ ಇತಿಹಾಸ (೧೯೩೯–೧೯೪೫)

೧

ಎರಡನೆಯ ಮಹಾಯುದ್ಧದ ಇತಿಹಾಸಗ್ರಂಥಗಳಲ್ಲಿ ಒಂದು ಬಗೆಯ ವಾಕ್ಯ ಓದುಗರಿಗೆ ಮೇಲಿಂದ ಮೇಲೆ ಎದುರಾಗುತ್ತದೆ. ಇಂಥ ಡಿವಿಜನ್ನು ಇಂಥ ದಿನ ಸಂಪೂರ್ಣವಾಗಿ ನಾಶವಾಯಿತೆಂದು ಒಂದು ಪುಟ ಹೇಳುತ್ತದೆ. ಅದೇ ಡಿವಿಜನ್ನು ಕೆಲವು ತಿಂಗಳುಗಳ ತರುವಾಯ ಬೇರೊಂದು ದೇಶದ ರಣರಂಗಕ್ಕೆ ತೆರಳಿತೆಂದು ಮತ್ತೊಂದು ಪುಟ ಹೇಳುತ್ತದೆ. ಸತ್ತದ್ದು ಯಾವುದು, ಮತ್ತೆ ಹೊರಟದ್ದು ಯಾವುದು ಎಂಬ ಪ್ರಶ್ನೆ ಸಾಮಾನ್ಯ ವಾಚಕನಲ್ಲಿ ಸಹಜವಾಗಿಯೇ ಏಳುತ್ತದೆ. ಸೇನಾ ಇತಿಹಾಸಕಾರರು ಡಿವಿಜನ್ನನ್ನು ಒಬ್ಬ ವ್ಯಕ್ತಿಯಂತೆ ಭಾವಿಸಿ ಬರೆಯುವುದು ರೂಢಿ. ಅದು ಹುಟ್ಟುತ್ತದೆ, ಮುನ್ನಡೆಯುತ್ತದೆ, ದಣಿಯುತ್ತದೆ, ವಿಶ್ರಾಂತಿ ಪಡೆಯುತ್ತದೆ, ಕೀರ್ತಿ ಗಳಿಸುತ್ತದೆ. ಈ ರೂಢಿಯಲ್ಲಿ ಒಂದು ಅನುಕೂಲವಿದೆ, ಒಂದು ಅಪಾಯವೂ ಇದೆ. ಇವೆರಡನ್ನೂ ಪರಿಶೀಲಿಸುವುದಕ್ಕೆ ಜರ್ಮನಿಯ ೭೧ನೆಯ ಪದಾತಿ ಡಿವಿಜನ್ನಿನ ಚರಿತ್ರೆ ತಕ್ಕ ನಿದರ್ಶನವಾಗಿದೆ. ಆರು ವರ್ಷಗಳ ಅವಧಿಯಲ್ಲಿ ಅದು ಫ್ರಾನ್ಸಿನಿಂದ ವೋಲ್ಗಾ ನದಿಯವರೆಗೂ, ಡೆನ್ಮಾರ್ಕಿನಿಂದ ದಕ್ಷಿಣ ಇಟಲಿಯವರೆಗೂ ಸಂಚರಿಸಿತು. ಒಮ್ಮೆ ನಿಶ್ಶೇಷವಾಗಿ ಅಳಿಯಿತು. ಅಳಿದ ಬಳಿಕ ಅದೇ ಹೆಸರಿನಲ್ಲಿ ಮತ್ತೆ ಎರಡು ವರ್ಷ ಯುದ್ಧಮಾಡಿತು.

೨

ಮೊದಲು ಡಿವಿಜನ್ನೆಂದರೇನೆಂಬುದನ್ನು ತಿಳಿಯುವುದು ಉಚಿತ. ಮಹಾಭಾರತವನ್ನು ಓದಿದವರಿಗೆ ಅಕ್ಷೌಹಿಣಿಯ ಕಲ್ಪನೆ ಹೊಸದಲ್ಲ. ರಥ, ಗಜ, ತುರಗ, ಪದಾತಿಗಳು ಗೊತ್ತಾದ ಪ್ರಮಾಣದಲ್ಲಿ ಕೂಡಿರುವ, ತನ್ನಷ್ಟಕ್ಕೆ ತಾನೇ ಪೂರ್ಣವಾದ ಪಡೆ ಅದು. ಆಧುನಿಕ ಡಿವಿಜನ್ನಿನ ತತ್ವವೂ ಇದೇ. ಮೂರು ಪದಾತಿ ರೆಜಿಮೆಂಟುಗಳು, ಒಂದು ಫಿರಂಗಿ ರೆಜಿಮೆಂಟು, ಸೇತುವೆ ಕಟ್ಟುವ ಮತ್ತು ಕೋಟೆ ಒಡೆಯುವ ಪಯೋನಿಯರ್ ದಳ, ವಾರ್ತಾದಳ, ಆಸ್ಪತ್ರೆ, ರೊಟ್ಟಿ ಸುಡುವವರು, ಕಸಾಯಿಗಳು, ಅಂಚೆಯವರು: ಇವರೆಲ್ಲ ಒಬ್ಬ ಸೇನಾನಿಯ ಕೈಕೆಳಗಿರುತ್ತಿದ್ದರು. ಪೂರ್ಣಬಲದ ಜರ್ಮನ್ ಪದಾತಿ ಡಿವಿಜನ್ನಿನಲ್ಲಿ ಹದಿನೈದರಿಂದ ಹದಿನೇಳು ಸಾವಿರ ಜನರಿದ್ದರು. ಜರ್ಮನ್ ಸೈನ್ಯವೆಂದೊಡನೆ ಟ್ಯಾಂಕುಗಳ ಚಿತ್ರ ಕಣ್ಣೆದುರು ನಿಲ್ಲುವುದಾದರೂ ಅದರ ಬಹುಭಾಗ ಕಾಲ್ನಡಿಗೆಯ ಸೈನ್ಯ. ಒಂದೊಂದು ಪದಾತಿ ಡಿವಿಜನ್ನಿನಲ್ಲಿಯೂ ನಾಲ್ಕೈದು ಸಾವಿರ ಕುದುರೆಗಳಿದ್ದವು. ಫಿರಂಗಿಗಳನ್ನೂ ಸಾಮಾನಿನ ಬಂಡಿಗಳನ್ನೂ ಎಳೆಯುತ್ತಿದ್ದುದು ಅವೇ.

ಎರಡನೆಯ ಅಂಶ ಇದಕ್ಕಿಂತ ಮುಖ್ಯವಾದುದು. ಜರ್ಮನಿಯನ್ನು ಹಲವು ಸೇನಾ ಜಿಲ್ಲೆಗಳಾಗಿ ವಿಂಗಡಿಸಿದ್ದರು. ಒಂದೊಂದು ಡಿವಿಜನ್ನಿಗೂ ಒಂದೊಂದು ತವರುಜಿಲ್ಲೆ. ಯುದ್ಧದಲ್ಲಿ ಬಿದ್ದವರ ಸ್ಥಾನಕ್ಕೆ ಬರುವ ಹೊಸಬರು ಸಾಮಾನ್ಯವಾಗಿ ಅದೇ ಜಿಲ್ಲೆಯ ತರಬೇತಿ ಪಡೆಗಳಿಂದ ಬರುತ್ತಿದ್ದರು. ಗಾಯಗೊಂಡವನು ತವರಿನ ಆಸ್ಪತ್ರೆಯಲ್ಲಿ ಗುಣಹೊಂದಿ, ಸಾಧ್ಯವಾದಮಟ್ಟಿಗೆ ತನ್ನ ಹಳೆಯ ರೆಜಿಮೆಂಟಿಗೇ ಹಿಂದಿರುಗುತ್ತಿದ್ದನು. ಒಂದೇ ಊರಿನವರು, ಒಂದೇ ಮಾತಿನ ಧಾಟಿಯವರು ಜೊತೆಯಲ್ಲಿರುವುದರಿಂದ ಪಡೆಯಲ್ಲಿ ಒಗ್ಗಟ್ಟು ಹೆಚ್ಚುತ್ತಿತ್ತು. ಆದರೆ ಅದೇ ಕಾರಣದಿಂದ ಒಂದು ಡಿವಿಜನ್ನಿನ ನಾಶವೆಂದರೆ ಒಂದು ಪ್ರಾಂತದ ನೂರಾರು ಹಳ್ಳಿಗಳಲ್ಲಿ ಏಕಕಾಲಕ್ಕೆ ಸೂತಕ.

೭೧ನೆಯ ಡಿವಿಜನ್ನಿನ ತವರು ಹಾನೋವರ್ ಜಿಲ್ಲೆ. ೧೯೩೯ರ ಆಗಸ್ಟ್ ಕೊನೆಯಲ್ಲಿ, ಪೋಲೆಂಡಿನ ಮೇಲಣ ದಾಳಿಗೆ ಕೆಲವೇ ದಿನಗಳ ಮುಂಚೆ, ಹಿಲ್ಡೆಸ್‌ಹೈಮ್ ಎಂಬ ಪುರಾತನ ಪಟ್ಟಣದಲ್ಲಿ ಅದನ್ನು ರಚಿಸಿದರು. ಹಳೆಯ ದೇವಾಲಯಗಳಿಗೂ ಮರದ ಚೌಕಟ್ಟಿನ ಮನೆಗಳಿಗೂ ಆ ಪಟ್ಟಣ ಹೆಸರಾಗಿತ್ತು. ಇದು ಎರಡನೆಯ ಹಂತದಲ್ಲಿ ಕೂಡಿಸಿದ ಡಿವಿಜನ್ನಾದುದರಿಂದ ಇದರ ಸೈನಿಕರಲ್ಲಿ ಹೆಚ್ಚಿನವರು ಕಾಯಂ ಸಿಪಾಯಿಗಳಲ್ಲ, ಮೀಸಲು ಪಡೆಯವರು. ಅಂದರೆ ನಿನ್ನೆ ಮೊನ್ನೆಯವರೆಗೆ ಹೊಲದಲ್ಲಿ, ಅಂಗಡಿಯಲ್ಲಿ, ಕಚೇರಿಯಲ್ಲಿ ದುಡಿಯುತ್ತಿದ್ದವರು. ೧೯೧, ೧೯೪ ಮತ್ತು ೨೧೧ ಅದರ ಮೂರು ಪದಾತಿ ರೆಜಿಮೆಂಟುಗಳ ಸಂಖ್ಯೆಗಳು. ಮುಂದೆ ಅದು ನಾಲ್ಕೆಲೆಯ ಕ್ಲೋವರ್ ಸೊಪ್ಪನ್ನು ತನ್ನ ಲಾಂಛನವಾಗಿ ಧರಿಸಿತು. ಮೂರೆಲೆಯ ಆ ಸೊಪ್ಪಿನಲ್ಲಿ ಅಪರೂಪಕ್ಕೆ ನಾಲ್ಕೆಲೆಯದು ದೊರೆತರೆ ಅದೃಷ್ಟವೆಂಬುದು ಯುರೋಪಿನ ಜನರ ನಂಬಿಕೆ. ‘ಭಾಗ್ಯವಂತ ಡಿವಿಜನ್ನು’ ಎಂಬ ಹೆಸರು ಅದಕ್ಕೆ ಅಂಟಿಕೊಂಡಿತು.

೩

೧೯೪೦ರಲ್ಲಿ ಆ ಹೆಸರಿಗೆ ಆಧಾರ ದೊರೆತಂತೆ ತೋರಿತು. ಆ ವರ್ಷದ ಮೇ ತಿಂಗಳಲ್ಲಿ ಕಾರ್ಲ್ ವೈಸೆನ್‌ಬೆರ್ಗರನ ನಾಯಕತ್ವದಲ್ಲಿ ಡಿವಿಜನ್ನು ಫ್ರಾನ್ಸನ್ನು ಪ್ರವೇಶಿಸಿತು. ಫ್ರೆಂಚರ ಪ್ರಸಿದ್ಧವಾದ ಮಾಜಿನೋ ರಕ್ಷಣಾಪಂಕ್ತಿಯ ತುದಿಯಲ್ಲಿ ಲಾ ಫೆರ್ತೆ ಎಂಬ ಸಣ್ಣ ಕೋಟೆಯಿತ್ತು. ಭಾರಿ ಫಿರಂಗಿಗಳು ಅದರ ಸುತ್ತಣ ನೆಲವನ್ನು ಉತ್ತುಹಾಕಿದ ಮೇಲೆ ಪಯೋನಿಯರ್ ದಳದವರು ಹತ್ತಿರ ಹೋಗಿ ಮದ್ದಿಟ್ಟು ಗೋಪುರಗಳನ್ನು ಒಡೆದರು. ಒಳಗಿನ ಫ್ರೆಂಚ್ ಸೈನಿಕರು ನೆಲದಡಿಯ ಸುರಂಗಕ್ಕೆ ಇಳಿದು, ಹೊಗೆ ತುಂಬಿ ಗಾಳಿಯಿಲ್ಲದೆ ಸತ್ತರು. ಕಾವಲಿನ ೧೦೭ ಮಂದಿಯಲ್ಲಿ ಒಬ್ಬನೂ ಬದುಕಲಿಲ್ಲ. ಮಾಜಿನೋ ಪಂಕ್ತಿಯಲ್ಲಿ ಜರ್ಮನರ ವಶವಾದ ಮೊದಲ ಕೋಟೆಯೆಂದು ಜರ್ಮನ್ ಪ್ರಚಾರಖಾತೆ ಇದನ್ನು ಕೊಂಡಾಡಿತು. ಜೂನ್ ನಡುವಿನಲ್ಲಿ ವರ್ದೂನ್ ನಗರ ಬಿದ್ದಾಗಲೂ ಆಕ್ರಮಣದಲ್ಲಿ ಈ ಡಿವಿಜನ್ನಿಗೆ ಪ್ರಮುಖ ಪಾತ್ರವಿತ್ತು. ೧೯೧೬ರಲ್ಲಿ ಹತ್ತು ತಿಂಗಳ ಕಾಲ ಹೋರಾಡಿ, ಎರಡೂ ಕಡೆ ಸೇರಿ ಸುಮಾರು ಮೂರು ಲಕ್ಷ ಜನ ಸತ್ತರೂ ಜರ್ಮನರಿಗೆ ದಕ್ಕದಿದ್ದ ವರ್ದೂನ್, ಈ ಸಲ ಒಂದೆರಡು ದಿನಗಳಲ್ಲಿ ದಕ್ಕಿತು. ತಂದೆಯರು ಮಡಿದ ನೆಲದಲ್ಲಿ ಮಕ್ಕಳು ಹೆಚ್ಚಿನ ನಷ್ಟವಿಲ್ಲದೆ ಧ್ವಜವೇರಿಸಿದರು. ಭಾಗ್ಯದ ಮಾತನ್ನು ಸೈನಿಕರು ನಂಬಿದ್ದರಲ್ಲಿ ಆಶ್ಚರ್ಯವಿಲ್ಲ.

ಆದರೆ ಸೈನ್ಯದ ಭಾಗ್ಯವನ್ನು ಅದರ ಹೆಜ್ಜೆಯ ಹಿಂದೆ ಏನು ನಡೆಯಿತೆಂಬುದನ್ನು ಬಿಟ್ಟು ಅಳೆಯುವಂತಿಲ್ಲ. ೧೯೪೧ರ ಜೂನ್ ೨೨ರಂದು ರಷ್ಯದ ಮೇಲೆ ದಾಳಿ ಆರಂಭವಾದಾಗ, ಅಲೆಕ್ಸಾಂಡರ್ ಫಾನ್ ಹಾರ್ಟ್‌ಮನ್ ಈ ಡಿವಿಜನ್ನಿನ ಸೇನಾನಿ. ಪಶ್ಚಿಮ ಯುಕ್ರೇನನ್ನು ಹಾಯ್ದು ಅದು ಕೀವ್ ನಗರದತ್ತ ನಡೆಯಿತು. ಸೆಪ್ಟೆಂಬರ್ ೧೯ರಂದು ಕೀವ್ ಬಿತ್ತು. ನಗರವನ್ನು ಹಿಡಿದ ಪಡೆಗಳಲ್ಲಿ ೭೧ನೆಯದೂ ಒಂದು. ಹತ್ತೇ ದಿನಗಳ ಬಳಿಕ, ಸೆಪ್ಟೆಂಬರ್ ೨೯ ಮತ್ತು ೩೦ರಂದು, ನಗರದ ಅಂಚಿನ ಬಾಬಿ ಯಾರ್ ಕಣಿವೆಯಲ್ಲಿ ೩೩,೭೭೧ ಯಹೂದಿಗಳನ್ನು ಗುಂಡಿಟ್ಟು ಕೊಂದರು. ಕೊಂದವರು ನಾಜಿ ಎಸ್‌ಎಸ್ ದಳದವರು ಮತ್ತು ಪೊಲೀಸರು. ಈ ಸಂಖ್ಯೆ ಅವರೇ ಬರ್ಲಿನ್ನಿಗೆ ಕಳುಹಿಸಿದ ವರದಿಯದು. ನಗರದ ಸೇನಾ ಆಡಳಿತಾಧಿಕಾರಿ ಇದರ ಸಿದ್ಧತೆಯಲ್ಲಿ ಪಾಲ್ಗೊಂಡಿದ್ದನು. ಬಂದೂಕಿನ ಕುದುರೆಯನ್ನು ಎಳೆದವರು ಪದಾತಿಗಳಲ್ಲದಿರಬಹುದು; ಪದಾತಿಗಳು ನಗರವನ್ನು ಹಿಡಿದುಕೊಡದೆ ಆ ಕೊಲೆ ಸಾಧ್ಯವಿರಲಿಲ್ಲ. ಕದನಗಳನ್ನು ಮಾತ್ರ ಪಟ್ಟಿಮಾಡುವ ಡಿವಿಜನ್ ಚರಿತ್ರೆಗಳಲ್ಲಿ ಈ ಹತ್ತು ದಿನಗಳ ಅಂತರ ಕಾಣಿಸುವುದಿಲ್ಲ. ಮೇಲೆ ಹೇಳಿದ ರೂಢಿಯ ಮೊದಲ ಅಪಾಯ ಇದೇ. ಡಿವಿಜನ್ನನ್ನು ವೀರನನ್ನಾಗಿ ಮಾಡಿದರೆ ಅದರ ಶತ್ರು ಮಾತ್ರ ಕಾಣುತ್ತಾನೆ; ಅದಕ್ಕೆ ಬಲಿಯಾದ ಜನ ಕಾಣುವುದಿಲ್ಲ.

ಕೀವ್ ಕದನದ ತರುವಾಯ ಡಿವಿಜನ್ನು ವಿಶ್ರಾಂತಿಗಾಗಿ ಪಶ್ಚಿಮಕ್ಕೆ ಬಂದಿತು. ಮಾಸ್ಕೋ ಎದುರಿನ ಮೊದಲ ಭೀಕರ ಚಳಿಗಾಲ ಅದಕ್ಕೆ ತಪ್ಪಿತು. ಅದೃಷ್ಟದ ಕಥೆಗೆ ಇದೂ ಒಂದು ಸೇರಿಕೆ. ೧೯೪೨ರ ವಸಂತದಲ್ಲಿ ಅದು ಮತ್ತೆ ಪೂರ್ವಕ್ಕೆ ಹೊರಟಿತು.

೪

೧೯೪೨ರ ಬೇಸಗೆಯಲ್ಲಿ ಡಿವಿಜನ್ನು ಫ್ರೀಡ್ರಿಖ್ ಪೌಲುಸನ ಆರನೆಯ ಸೈನ್ಯದೊಡನೆ ಡಾನ್ ನದಿಯನ್ನು ದಾಟಿ ಸ್ಟಾಲಿನ್‌ಗ್ರಾಡಿನ ಹೊಸ್ತಿಲಿಗೆ ಬಂದಿತು. ಸೆಪ್ಟೆಂಬರ್ ೧೩ರಂದು ನಗರದ ಮೇಲಣ ಮುಖ್ಯ ಆಕ್ರಮಣ ಆರಂಭವಾಯಿತು. ನಗರಮಧ್ಯವನ್ನು ಭೇದಿಸುವ ಕೆಲಸ ೭೧ನೆಯದರ ಪಾಲಿಗೆ ಬಂದಿತು. ಮರುದಿನವೇ ಅದರ ಸೈನಿಕರು ರೈಲ್ವೆ ನಿಲ್ದಾಣವನ್ನು ಮುಟ್ಟಿ ವೋಲ್ಗಾ ತೀರವನ್ನು ಸಮೀಪಿಸಿದರು. ಆ ರಾತ್ರಿ ಸೋವಿಯತ್ ಸೈನ್ಯದ ೧೩ನೆಯ ಗಾರ್ಡ್ಸ್ ಡಿವಿಜನ್ನು ರೋದಿಮ್ತ್‌ಸೆವನ ನೇತೃತ್ವದಲ್ಲಿ ದೋಣಿಗಳಲ್ಲಿ ನದಿ ದಾಟಿತು. ನಿಲ್ದಾಣ ಹಲವು ಸಲ ಕೈಬದಲಾಯಿಸಿತು. ಒಂದೊಂದು ಮನೆ, ಒಂದೊಂದು ಮಹಡಿ, ಒಂದೊಂದು ನೆಲಮಾಳಿಗೆಗಾಗಿ ಹೋರಾಟ ನಡೆಯಿತು. ಸೆಪ್ಟೆಂಬರ್ ಕೊನೆಯ ವೇಳೆಗೆ ಕೇಂದ್ರ ಚೌಕದಲ್ಲಿದ್ದ ಉನಿವರ್‌ಮಾಗ್ ಎಂಬ ದೊಡ್ಡ ಅಂಗಡಿಯ ಕಟ್ಟಡದ ಮೇಲೆ ಜರ್ಮನ್ ಧ್ವಜ ಹಾರಿತು.

ಇದನ್ನು ಗೆಲವೆಂದು ಬರ್ಲಿನ್ನಿನಲ್ಲಿ ಸಾರಿದರು. ಆದರೆ ಧ್ವಜದ ಕೆಳಗೆ ಉಳಿದವರೆಷ್ಟು ಮಂದಿ? ನೂರಾರು ಜನರಿರಬೇಕಾದ ಬೆಟಾಲಿಯನ್ನುಗಳು ಒಂದು ಕಂಪನಿಯ ಗಾತ್ರಕ್ಕೆ ಕರಗಿದ್ದವು. ನಕ್ಷೆಯ ಮೇಲೆ ಡಿವಿಜನ್ನಿನ ಗುರುತು ಮಾತ್ರ ಮೊದಲಿನಷ್ಟೇ ದೊಡ್ಡದಾಗಿತ್ತು. ಲೆಕ್ಕಪುಸ್ತಕ ಬಲ್ಲವರು ಇದನ್ನು ಸುಲಭವಾಗಿ ಗ್ರಹಿಸಬಹುದು. ಖಾತೆಯ ಸಂಖ್ಯೆ ಎಷ್ಟು ದಿನ ಬೇಕಾದರೂ ಉಳಿಯುತ್ತದೆ. ಶಿಲ್ಕು ಎಷ್ಟೆಂಬುದು ಬೇರೆಯ ಮಾತು. ಹಿಟ್ಲರನ ಯುದ್ಧಕಚೇರಿಯಲ್ಲಿ ಶಿಲ್ಕನ್ನು ನೋಡದೆ ಖಾತೆಗಳನ್ನು ಎಣಿಸುವ ಪದ್ಧತಿ ಬರಬರುತ್ತ ಬೆಳೆಯಿತು. ಬಲಗುಂದಿದ ಹಳೆಯ ಡಿವಿಜನ್ನುಗಳನ್ನು ಭರ್ತಿಮಾಡುವುದಕ್ಕಿಂತ ಹೊಸ ಸಂಖ್ಯೆಗಳನ್ನು ಸೃಷ್ಟಿಸುವುದರಲ್ಲಿ ಅವನಿಗೆ ಹೆಚ್ಚು ಉತ್ಸಾಹ.

೧೯೪೨ರ ನವೆಂಬರ್ ೧೯ರಂದು ಸೋವಿಯತ್ ಸೈನ್ಯ ಪ್ರತಿದಾಳಿ ಆರಂಭಿಸಿತು. ನಾಲ್ಕು ದಿನಗಳಲ್ಲಿ ಅದರ ಎರಡು ತೋಳುಗಳು ಡಾನ್ ನದಿಯ ಬಳಿ ಕೂಡಿಕೊಂಡವು. ಆರನೆಯ ಸೈನ್ಯ ಸಿಕ್ಕಿಬಿದ್ದಿತು. ವಿಮಾನಗಳ ಮೂಲಕ ಆಹಾರ, ಮದ್ದುಗುಂಡು ಒದಗಿಸುವುದಾಗಿ ಗೋರಿಂಗ್ ಮಾತುಕೊಟ್ಟನು. ದಿನಕ್ಕೆ ಕನಿಷ್ಠ ೩೦೦ ಟನ್ ಬೇಕಾಗಿದ್ದಲ್ಲಿ ಸರಾಸರಿ ಬಂದದ್ದು ಸುಮಾರು ೧೦೦ ಟನ್. ಬಂಡಿ ಎಳೆಯುತ್ತಿದ್ದ ಕುದುರೆಗಳನ್ನು ಕೊಂದು ತಿಂದರು. ಹಸಿವು, ಚಳಿ, ವಿಷಮಜ್ವರಗಳು ಗುಂಡಿನಷ್ಟೇ ಜನರನ್ನು ಕೊಂಡೊಯ್ದವು. ಶರಣಾಗತಿಯ ಷರತ್ತುಗಳನ್ನು ರಷ್ಯನ್ನರು ಜನವರಿ ೮ರಂದು ಮುಂದಿಟ್ಟರು. ಹಿಟ್ಲರನ ಆಜ್ಞೆಯಂತೆ ಪೌಲುಸ್ ಅವನ್ನು ತಿರಸ್ಕರಿಸಿದನು.

ಜನವರಿ ಕೊನೆಯಲ್ಲಿ ಸೇನಾನಿ ಹಾರ್ಟ್‌ಮನ್ ರೈಲ್ವೆ ದಿಬ್ಬದ ಮೇಲೆ ಮರೆಯಿಲ್ಲದೆ ನಿಂತು, ಸಾಮಾನ್ಯ ಸಿಪಾಯಿಯಂತೆ ಬಂದೂಕು ಹಾರಿಸುತ್ತ, ಗುಂಡು ತಾಗಿ ಸತ್ತನು. ಅವನು ಸಾವನ್ನು ಬಯಸಿಯೇ ಅಲ್ಲಿ ನಿಂತನೆಂಬುದರಲ್ಲಿ ಸಂಶಯವಿಲ್ಲ. ಇದನ್ನು ವೀರಮರಣವೆಂದು ಬಣ್ಣಿಸಿದವರಿದ್ದಾರೆ. ಆದರೆ ತನ್ನ ಸಾವಿನ ಬಗೆಯನ್ನು ತಾನೇ ಆರಿಸಿಕೊಳ್ಳುವ ಸ್ವಾತಂತ್ರ್ಯ ಸೇನಾನಿಗಿತ್ತು. ಮಂಜಿನ ಗುಂಡಿಯಲ್ಲಿ ಹಸಿದು ಕುಳಿತ ಹಾನೋವರಿನ ರೈತನಿಗೆ ಅದೂ ಇರಲಿಲ್ಲ. ಡಿವಿಜನ್ನಿನ ಅಧಿಕಾರ ಕರ್ನಲ್ ಫ್ರೀಡ್ರಿಖ್ ರೊಸ್ಕೆಗೆ ಬಂದಿತು. ಅವನ ಕಚೇರಿ ಇದ್ದುದು ಅದೇ ಉನಿವರ್‌ಮಾಗ್ ಅಂಗಡಿಯ ನೆಲಮಾಳಿಗೆಯಲ್ಲಿ. ಪೌಲುಸನೂ ಕೊನೆಯ ದಿನಗಳಲ್ಲಿ ಅಲ್ಲಿಗೇ ಬಂದು ಸೇರಿದ್ದನು. ಶರಣಾಗದಿರಲೆಂದು ಹಿಟ್ಲರ್ ಅವನಿಗೆ ಫೀಲ್ಡ್ ಮಾರ್ಷಲ್ ಪದವಿಯನ್ನು ದಯಪಾಲಿಸಿದನು. ೧೯೪೩ರ ಜನವರಿ ೩೧ರ ಬೆಳಿಗ್ಗೆ ರೊಸ್ಕೆ ರಷ್ಯನ್ನರೊಡನೆ ಮಾತುಕತೆ ನಡೆಸಿದನು. ಡಿವಿಜನ್ನು ತಾನು ಧ್ವಜವೇರಿಸಿದ ಕಟ್ಟಡದ ನೆಲಮಾಳಿಗೆಯಿಂದಲೇ ಕೈಯೆತ್ತಿ ಹೊರಬಂದಿತು.

ಸ್ಟಾಲಿನ್‌ಗ್ರಾಡಿನಲ್ಲಿ ಕೊನೆಗೆ ಸೆರೆಸಿಕ್ಕವರು ಸುಮಾರು ೯೧,೦೦೦ ಮಂದಿ. ಅವರಲ್ಲಿ ಸ್ವದೇಶಕ್ಕೆ ಹಿಂದಿರುಗಿದವರು ಐದಾರು ಸಾವಿರ ಮಾತ್ರ. ರೊಸ್ಕೆ ಹಿಂದಿರುಗಿದ್ದು ೧೯೫೫ರಲ್ಲಿ. ಈ ಸಂಖ್ಯೆಗಳ ಪಕ್ಕದಲ್ಲಿಯೇ ಬರೆದುಕೊಳ್ಳಬೇಕಾದ ಮತ್ತೊಂದು ಸಂಖ್ಯೆಯಿದೆ. ಆ ಇಡೀ ಸಮರದಲ್ಲಿ ಸತ್ತ ಮತ್ತು ಕಾಣೆಯಾದ ಸೋವಿಯತ್ ಸೈನಿಕರು ಸುಮಾರು ೪,೮೦,೦೦೦. ನಗರದ ನಿವಾಸಿಗಳು ಈ ಲೆಕ್ಕದಲ್ಲಿ ಸೇರಿಲ್ಲ.

೫

ಸಾಮಾನ್ಯ ನ್ಯಾಯದಂತೆ ೭೧ನೆಯ ಡಿವಿಜನ್ನಿನ ಚರಿತ್ರೆ ಇಲ್ಲಿಗೆ ಮುಗಿಯಬೇಕು. ಆದರೆ ಸ್ಟಾಲಿನ್‌ಗ್ರಾಡಿನಲ್ಲಿ ಅಳಿದ ಡಿವಿಜನ್ನುಗಳನ್ನು ಮತ್ತೆ ಕಟ್ಟಬೇಕೆಂದು ಹಿಟ್ಲರ್ ಆಜ್ಞಾಪಿಸಿದನು. ಆರನೆಯ ಸೈನ್ಯ ಸತ್ತಿಲ್ಲವೆಂದು ಜರ್ಮನ್ ಜನತೆಗೂ ಜಗತ್ತಿಗೂ ತೋರಿಸುವುದು ಇದರ ಉದ್ದೇಶ. ೧೯೪೩ರ ವಸಂತದಲ್ಲಿ ಡೆನ್ಮಾರ್ಕಿನಲ್ಲಿ ವಿಲ್ಹೆಲ್ಮ್ ರಾಪ್ಕೆಯ ಅಧೀನದಲ್ಲಿ ಹೊಸ ೭೧ನೆಯ ಡಿವಿಜನ್ನು ರಚಿತವಾಯಿತು. ಮುತ್ತಿಗೆಗೆ ಮುಂಚೆ ಗಾಯಗೊಂಡು ಊರಿಗೆ ಬಂದವರು, ರಜೆಯ ಮೇಲಿದ್ದವರು, ವಿಮಾನದಲ್ಲಿ ಹೊರಬಂದ ಗಾಯಾಳುಗಳು ಹಳೆಯ ಡಿವಿಜನ್ನಿನ ಅವಶೇಷ. ಉಳಿದವರು ಹೊಸಬರು. ರೆಜಿಮೆಂಟುಗಳ ಸಂಖ್ಯೆ ಅವೇ. ಕ್ಲೋವರ್ ಲಾಂಛನವೂ ಅದೇ. ಹಿಂದಿನ ಸೈನಿಕರ ತಂದೆತಾಯಿಯರು ಮಗನ ಸುದ್ದಿಯಿಲ್ಲದೆ ಕಾಯುತ್ತಿದ್ದಾಗ ಮಗನ ಡಿವಿಜನ್ನಿನ ಹೆಸರಿನಲ್ಲಿ ಬೇರೆಯವರ ಮಕ್ಕಳು ಕವಾಯತು ಕಲಿಯುತ್ತಿದ್ದರು.

ಈ ಎರಡನೆಯ ಜನ್ಮದ ಮೊದಲ ಕಾರ್ಯ ನಿನ್ನೆಯ ಮಿತ್ರರನ್ನು ನಿರಾಯುಧರನ್ನಾಗಿಸುವುದು. ೧೯೪೩ರ ಸೆಪ್ಟೆಂಬರ್ ೮ರಂದು ಇಟಲಿ ಮಿತ್ರರಾಷ್ಟ್ರಗಳೊಡನೆ ಸಂಧಿ ಮಾಡಿಕೊಂಡ ವಾರ್ತೆ ಹೊರಬಿದ್ದಿತು. ಟ್ರಿಯೆಸ್ಟ್ ಮತ್ತು ಇಸ್ಟ್ರಿಯ ಪ್ರದೇಶದಲ್ಲಿ ಇಟಲಿಯ ಸೈನಿಕರ ಆಯುಧಗಳನ್ನು ಕಸಿದುಕೊಳ್ಳುವುದರಲ್ಲಿಯೂ ಅಲ್ಲಿನ ಗೆರಿಲ್ಲಾ ಪಡೆಗಳ ವಿರುದ್ಧದ ಕಾರ್ಯಾಚರಣೆಯಲ್ಲಿಯೂ ೭೧ನೆಯದು ತೊಡಗಿತು. ಇಟಲಿಯ ಆರು ಲಕ್ಷಕ್ಕೂ ಹೆಚ್ಚು ಸೈನಿಕರನ್ನು ಆ ತಿಂಗಳುಗಳಲ್ಲಿ ಜರ್ಮನರು ಸೆರೆಯಾಳುಗಳನ್ನಾಗಿ ಒಯ್ದರು. ಇಸ್ಟ್ರಿಯದ ಹಳ್ಳಿಗಳಲ್ಲಿ ಆಯುಧವಿಲ್ಲದ ಜನರೂ ಬಲಿಯಾದರು.

೧೯೪೪ರ ಆರಂಭದಲ್ಲಿ ಡಿವಿಜನ್ನು ರೋಮಿನ ದಕ್ಷಿಣದ ರಣರಂಗಕ್ಕೆ ಬಂದಿತು. ಈ ಹಂತದಲ್ಲಿ ಅದರ ಚರಿತ್ರೆ ಭಾರತದ ಚರಿತ್ರೆಯ ಅಂಚನ್ನು ಮುಟ್ಟುತ್ತದೆ. ಫೆಬ್ರವರಿಯಲ್ಲಿ ೨೧೧ನೆಯ ರೆಜಿಮೆಂಟು ಕಸ್ಸಿನೋ ಪಟ್ಟಣವನ್ನು ಕಾಯುತ್ತಿತ್ತು. ಫೆಬ್ರವರಿ ೧೭ರ ರಾತ್ರಿ ನ್ಯೂಜಿಲೆಂಡಿನ ಮಾವೊರಿ ಬೆಟಾಲಿಯನ್ನಿನ ಸುಮಾರು ಇನ್ನೂರು ಮಂದಿ ಕಸ್ಸಿನೋ ರೈಲ್ವೆ ನಿಲ್ದಾಣವನ್ನು ಹಿಡಿದರು. ಬೆಳಗಾಗುವುದರೊಳಗೆ ಟ್ಯಾಂಕುಗಳಿಗೆ ದಾರಿ ಸಿದ್ಧವಾಗಲಿಲ್ಲ. ಮರುದಿನ ಜರ್ಮನರು ಟ್ಯಾಂಕುಗಳೊಡನೆ ಪ್ರತಿದಾಳಿ ಮಾಡಿ ನಿಲ್ದಾಣವನ್ನು ಮರಳಿ ಪಡೆದರು. ಮಾವೊರಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸತ್ತರು, ಗಾಯಗೊಂಡರು, ಇಲ್ಲವೆ ಸೆರೆಸಿಕ್ಕಿದರು. ಅದೇ ರಾತ್ರಿ, ಅದೇ ಯೋಜನೆಯ ಇನ್ನೊಂದು ಭಾಗವಾಗಿ, ಮೇಲಿನ ಬೆಟ್ಟದಲ್ಲಿ ನಾಲ್ಕನೆಯ ಭಾರತೀಯ ಡಿವಿಜನ್ನಿನ ರಾಜಪುತಾನಾ ರೈಫಲ್ಸ್ ಮತ್ತು ಗೂರ್ಖಾ ಪಡೆಗಳು ಮಠದ ಕಡೆಗೆ ಏರುತ್ತ ಭಾರಿ ನಷ್ಟ ಅನುಭವಿಸಿ ಹಿಮ್ಮೆಟ್ಟಿದವು. ಬೆಂಗಳೂರನ್ನು ಕೇಂದ್ರವಾಗಿ ಉಳ್ಳ ಮದ್ರಾಸ್ ಸ್ಯಾಪರ್ಸ್ ದಳದವರೂ ಆ ಡಿವಿಜನ್ನಿನ ಎಂಜಿನಿಯರ್ ಪಡೆಗಳಲ್ಲಿ ಇದ್ದರು. ತಮ್ಮ ದೇಶಕ್ಕೆ ಇನ್ನೂ ಸ್ವಾತಂತ್ರ್ಯ ಬರದಿದ್ದ ಕಾಲದಲ್ಲಿ ಪರದೇಶದ ಬೆಟ್ಟದಲ್ಲಿ ದಾರಿ ಕಡಿದವರು ಅವರು.

ಮೇ ತಿಂಗಳಲ್ಲಿ ೭೧ನೆಯದನ್ನು ಮತ್ತೊಂದು ಪರಾಧೀನ ಜನತೆಯ ಸೈನ್ಯವೇ ಮುರಿಯಿತು. ಗಾರಿಲ್ಯಾನೋ ನದಿಯಾಚೆಯ ಔಸೋನಿಯ ಬೆಟ್ಟಗಳು ದಾಟಲಸಾಧ್ಯವೆಂದು ಜರ್ಮನರು ಎಣಿಸಿದ್ದರು. ಅಲ್ಲಿ ಡಿವಿಜನ್ನಿನ ಸಾಲು ವಿರಳವಾಗಿತ್ತು. ಫ್ರೆಂಚ್ ಸೇನಾನಿ ಜುಯೆಂ ತನ್ನ ಮೊರೊಕ್ಕೋ ಮತ್ತು ಅಲ್ಜೀರಿಯದ ಪಡೆಗಳನ್ನು ಆ ಬೆಟ್ಟಗಳಿಗೇ ಏರಿಸಿದನು. ಮೇ ೧೩ರಂದು ಮೊಂತೆ ಮಾಯೋ ಶಿಖರ ಅವರ ವಶವಾಯಿತು. ೭೧ನೆಯದು ಸೀಳಿಹೋಯಿತು. ಬಿರುಕಿನ ಮೂಲಕ ನುಗ್ಗಿದ ಸೈನ್ಯ ಕಸ್ಸಿನೋವಿನ ಬೆನ್ನಿಗೆ ಅಪಾಯ ತಂದಿತು. ಮೇ ೧೮ರಂದು ಪೋಲಿಷ್ ಸೈನಿಕರು ಮಠವನ್ನು ಪ್ರವೇಶಿಸಿದರು. ಜೂನ್ ೪ರಂದು ರೋಮ್ ಬಿದ್ದಿತು. ಗೆದ್ದ ಆ ಮೊರೊಕ್ಕೋ ಪಡೆಗಳಲ್ಲಿ ಕೆಲವರು ಬೆಟ್ಟದ ಹಳ್ಳಿಗಳ ಹೆಂಗಸರ ಮೇಲೆ ನಡೆಸಿದ ಅತ್ಯಾಚಾರಗಳ ನೆನಪು ಇಟಲಿಯಲ್ಲಿ ಅಳಿದಿಲ್ಲವೆಂಬುದನ್ನೂ ಇಲ್ಲಿ ಮರೆಯುವಂತಿಲ್ಲ. ಗೆಲವೂ ಸಾಮಾನ್ಯ ಜನರ ಮನೆಬಾಗಿಲಿಗೆ ಬಂದಾಗ ಯಾವಾಗಲೂ ಬಿಡುಗಡೆಯಾಗಿ ಬರುವುದಿಲ್ಲ.

ಮುಂದಿನ ಕಥೆ ಸಂಕ್ಷಿಪ್ತ. ೧೯೪೪ರ ಆಗಸ್ಟಿನಲ್ಲಿ ಡಿವಿಜನ್ನು ಆದ್ರಿಯಾಟಿಕ್ ತೀರದಲ್ಲಿ ಪೋಲಿಷ್ ಮತ್ತು ಕೆನಡಾ ಪಡೆಗಳ ಎದುರಿನಲ್ಲಿ ಹಿಂದೆ ಸರಿಯಿತು. ವರ್ಷದ ಕೊನೆಗೆ ಹಂಗೇರಿಗೆ ಹೋಯಿತು. ೧೯೪೫ರ ಮಾರ್ಚಿಯಲ್ಲಿ ಬಾಲಾತೋನ್ ಸರೋವರದ ದಕ್ಷಿಣದಲ್ಲಿ, ಸೋಲು ನಿಶ್ಚಿತವಾದ ಮೇಲೆಯೂ ಆಕ್ರಮಣಕ್ಕೆ ಇಳಿದು ಜನರನ್ನು ಕಳೆದುಕೊಂಡಿತು. ಮೇ ತಿಂಗಳಲ್ಲಿ ದಕ್ಷಿಣ ಆಸ್ಟ್ರಿಯದಲ್ಲಿ ಶಸ್ತ್ರಗಳನ್ನು ಕೆಳಗಿಟ್ಟಿತು. ಅದಕ್ಕೆ ಮುಂಚೆಯೇ, ಮಾರ್ಚಿ ೨೨ರಂದು, ಮಿತ್ರರಾಷ್ಟ್ರಗಳ ವಿಮಾನಗಳು ಹಿಲ್ಡೆಸ್‌ಹೈಮಿನ ಹಳೆಯ ಊರನ್ನು ಸುಟ್ಟುಹಾಕಿದ್ದವು. ಹಿಂದಿರುಗಿದ ಸೈನಿಕನಿಗೆ ಡಿವಿಜನ್ನೂ ಉಳಿದಿರಲಿಲ್ಲ, ಅದು ಹುಟ್ಟಿದ ಊರೂ ಮೊದಲಿನಂತೆ ಉಳಿದಿರಲಿಲ್ಲ.

೬

ಈ ಚರಿತ್ರೆಯಿಂದ ತಿಳಿಯುವುದೇನು? ಡಿವಿಜನ್ನನ್ನು ಒಂದು ವ್ಯಕ್ತಿಯೆಂದು ಎಣಿಸುವ ರೂಢಿಯ ಅನುಕೂಲ ಸ್ಪಷ್ಟ. ಹದಿನೈದು ಸಾವಿರ ಜನರ ಚಲನೆಯನ್ನು ಒಂದೇ ಕರ್ತೃಪದದಿಂದ ಹೇಳಬಹುದು. ಅದರ ಮೊದಲ ಅಪಾಯವನ್ನು ಕೀವ್ ಪ್ರಸಂಗದಲ್ಲಿ ನೋಡಿದ್ದಾಯಿತು. ಎರಡನೆಯ ಅಪಾಯ ಇದು: ಸಂಖ್ಯೆ ಮುಂದುವರಿದುದರಿಂದ ಜೀವವೇ ಮುಂದುವರಿಯಿತೆಂಬ ಭ್ರಮೆ ಹುಟ್ಟುತ್ತದೆ. ವರ್ದೂನಿನಲ್ಲಿ ಧ್ವಜವೇರಿಸಿದವರಿಗೂ ಮೊಂತೆ ಮಾಯೋದಿಂದ ಓಡಿದವರಿಗೂ ಸಮಾನವಾಗಿದ್ದುದು ಬಹುಮಟ್ಟಿಗೆ ಒಂದು ಅಂಕೆ ಮತ್ತು ಒಂದು ಎಲೆಯ ಚಿತ್ರ. ಭಾಗ್ಯವಂತವೆಂಬ ಹೆಸರು ಅಂಕೆಗೆ ಸಂದಿತು. ಭಾಗ್ಯಹೀನತೆ ಮನುಷ್ಯರಿಗೆ ಸಂದಿತು. ಅಂಕೆಯನ್ನು ಜೀವಂತವಾಗಿಡುವುದು ರಾಜ್ಯಕ್ಕೆ ಅಗ್ಗದ ಕೆಲಸ. ಅದಕ್ಕೆ ಬೇಕಾದುದು ಒಂದು ಆಜ್ಞಾಪತ್ರ ಮತ್ತು ಇನ್ನೊಂದು ವಯಸ್ಸಿನ ಹುಡುಗರು.

ಕರ್ನಾಟಕದ ಹಳ್ಳಿಗಳ ವೀರಗಲ್ಲುಗಳು ಯುದ್ಧವನ್ನು ಹೊಗಳುವುದು ನಿಜ. ಆದರೂ ಅನೇಕ ಕಲ್ಲುಗಳು ಸತ್ತವನ ಹೆಸರನ್ನೂ ಅವನು ಯಾರ ಮಗನೆಂಬುದನ್ನೂ ಬರೆದಿಟ್ಟಿವೆ. ಇಪ್ಪತ್ತನೆಯ ಶತಮಾನದ ಸೈನ್ಯಗಳ ದಾಖಲೆಗಳಲ್ಲಿ ಆ ಹೆಸರು ಬಹಳ ಕಾಲ ಡಿವಿಜನ್ ಸಂಖ್ಯೆಯ ಹಿಂದೆ ಅಡಗಿಹೋಗಿತ್ತು. ಇಂದು ವೋಲ್ಗೊಗ್ರಾಡ್ ಎಂದು ಕರೆಯಲ್ಪಡುವ ಆ ನಗರದ ಹೊರಗೆ ರೊಸ್ಸೋಷ್ಕಾ ಎಂಬಲ್ಲಿ ೧೯೯೯ರಲ್ಲಿ ಜರ್ಮನ್ ಸೈನಿಕರ ಸ್ಮಶಾನವೊಂದು ಸಿದ್ಧವಾಯಿತು. ರಸ್ತೆಯ ಆಚೆಗೆ ಸೋವಿಯತ್ ಸೈನಿಕರ ಸ್ಮಶಾನವಿದೆ. ಜರ್ಮನ್ ಸ್ಮಶಾನದ ಬಯಲಿನಲ್ಲಿ ಕಲ್ಲಿನ ದೊಡ್ಡ ದೊಡ್ಡ ಘನಗಳನ್ನು ನಿಲ್ಲಿಸಿ, ದೇಹ ದೊರೆಯದೆ ಕಾಣೆಯಾದ ಒಂದು ಲಕ್ಷಕ್ಕೂ ಹೆಚ್ಚು ಮಂದಿಯ ಹೆಸರುಗಳನ್ನು ಕೆತ್ತಿದ್ದಾರೆ. ಹೆಸರುಗಳನ್ನು ಡಿವಿಜನ್ನಿನ ಪ್ರಕಾರ ವಿಂಗಡಿಸಿಲ್ಲ, ಪದವಿಯ ಪ್ರಕಾರ ವಿಂಗಡಿಸಿಲ್ಲ, ಅಕ್ಷರಾನುಕ್ರಮದಲ್ಲಿ ಬರೆದಿದ್ದಾರೆ. ಹಿಲ್ಡೆಸ್‌ಹೈಮಿನಿಂದ ಹೊರಟು ಹಿಂದಿರುಗದವನನ್ನು ಅಲ್ಲಿ ಹುಡುಕಬೇಕಾದರೆ ಅವನ ರೆಜಿಮೆಂಟಿನ ಸಂಖ್ಯೆ ತಿಳಿದಿರಬೇಕಾಗಿಲ್ಲ; ಅವನ ಮನೆತನದ ಹೆಸರು ತಿಳಿದಿದ್ದರೆ ಸಾಕು.